ಮೋನ್ಸ್ ಹತ್ತಿರ ಎದುರುಬದುರಾಗಿ ಎರಡು ಗೋರಿ: ಜಾರ್ಜ್ ಎಲಿಸನ್, ಜಾನ್ ಪಾರ್

ಹೊಳೆದಂಡೆ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆಂದು ಬ್ರಸೆಲ್ಸ್‌ಗೆ ಬಂದು ಮೂರು ವರ್ಷ ಆಯಿತು. ಮೊನ್ನೆ ಶನಿವಾರ ಸುಮ್ನೆ ರೈಲು ಹತ್ತಿ ಮೋನ್ಸ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ಸೇಂಟ್ ಸಿಂಫೋರಿಯನ್ ಅಂತ ಒಂದು ಹಳ್ಳಿ ಇದೆ. ಅದರ ಅಂಚಿನಲ್ಲಿ, ಮರಗಳ ನಡುವೆ, ಮೊದಲನೇ ಮಹಾಯುದ್ಧದ ಸ್ಮಶಾನ. ಅಲ್ಲಿ ನೋಡಿದ್ದು ಎರಡು ದಿನದಿಂದ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಇಲ್ಲಿ ಹೇಳಿಕೊಳ್ಳೋಣ ಅನಿಸಿತು.

ಒಂದು ಬಿಳಿ ಕಲ್ಲಿನ ಮೇಲೆ ಜಾರ್ಜ್ ಎಡ್ವಿನ್ ಎಲಿಸನ್ ಎಂಬ ಹೆಸರಿದೆ. 5ನೇ ರಾಯಲ್ ಐರಿಷ್ ಲ್ಯಾನ್ಸರ್ಸ್, ಅಂದರೆ ಕುದುರೆ ದಂಡು. ಸತ್ತ ದಿನ 11 ನವೆಂಬರ್ 1918. ವಯಸ್ಸು 40.

ಆ ತಾರೀಕು ನೋಡಿ. ಯುದ್ಧ ನಿಂತ ದಿನ ಅದು. ಬೆಳಿಗ್ಗೆ 11 ಗಂಟೆಗೆ ಬಂದೂಕು ಇಳಿಸಬೇಕಿತ್ತು. ಎಲಿಸನ್ ಸತ್ತಿದ್ದು ಸುಮಾರು 9:30ಕ್ಕೆ. ಮೋನ್ಸ್ ಊರಾಚೆಯ ಕಾಡಿನಲ್ಲಿ ಜರ್ಮನ್ ಸೈನಿಕರು ಇದ್ದಾರೆ ಎಂಬ ಸುದ್ದಿ ಬಂದಿತ್ತು. ನೋಡಿಕೊಂಡು ಬರಲು ಗಸ್ತು ಹೋಗಿದ್ದರು. ಅಲ್ಲೇ ಗುಂಡು ಬಿತ್ತು. ಯುದ್ಧಭೂಮಿಯಲ್ಲಿ ಸತ್ತ ಕೊನೆಯ ಬ್ರಿಟಿಷ್ ಸೈನಿಕ ಅವರೇ ಎಂದು ನಂಬಿಕೆ.

ಯಾರ್ಕ್‌ನಲ್ಲಿ 1878ರಲ್ಲಿ ಹುಟ್ಟಿದ ಮನುಷ್ಯ. ಮನೆ ಇದ್ದದ್ದು ಲೀಡ್ಸ್‌ನಲ್ಲಿ. ಮೊದಲು ಸೇನೆಯಲ್ಲಿದ್ದು, 1912ರಲ್ಲಿ ಬಿಟ್ಟು, ಕಲ್ಲಿದ್ದಲು ಗಣಿಗೆ ಸೇರಿದ್ದರು. ಮದುವೆ ಆಗಿತ್ತು. ಹೆಂಡತಿ ಹೆಸರು ಹ್ಯಾನಾ. ಒಬ್ಬ ಮಗ, ಜೇಮ್ಸ್. ಯುದ್ಧ ಶುರುವಾಗುವ ಹೊತ್ತಿಗೆ ಹಳೆಯ ಸಿಪಾಯಿಗಳನ್ನೆಲ್ಲ ವಾಪಸ್ ಕರೆದರು. ಹೋದರು. 1914ರಲ್ಲಿ ಇದೇ ಮೋನ್ಸ್‌ನಲ್ಲಿ ಮೊದಲ ಕಾಳಗ ನೋಡಿದರು. ಆಮೇಲೆ ಈಪ್ರ್, ಲೂಸ್, ಕಾಂಬ್ರೇ. ನಾಲ್ಕು ವರ್ಷ ಬದುಕಿ ಉಳಿದು, ಶುರು ಮಾಡಿದ ಊರಿಗೇ ತಿರುಗಿ ಬಂದರು. ಬದುಕಿದ್ದರೆ ಆ ಮಧ್ಯಾಹ್ನ ಮನೆಗೆ ಕಾಗದ ಬರೆಯುತ್ತಿದ್ದರು. ಮಗನಿಗೆ ಐದು ತುಂಬಲು ಇನ್ನು ಕೆಲವೇ ದಿನ ಉಳಿದಿತ್ತು.

ಇಷ್ಟಕ್ಕೇ ಎದೆ ಭಾರ ಆಗಿತ್ತು. ಹಾಗೇ ಹಿಂದೆ ತಿರುಗಿದೆ. ಆರೇಳು ಹೆಜ್ಜೆ ದೂರದಲ್ಲಿ, ಎಲಿಸನ್ ಕಲ್ಲಿಗೆ ಮುಖ ಮಾಡಿ, ಇನ್ನೊಂದು ಕಲ್ಲು. ಜಾನ್ ಪಾರ್. 21 ಆಗಸ್ಟ್ 1914. ಈ ಯುದ್ಧದಲ್ಲಿ ಶತ್ರುವಿನೆದುರು ಸತ್ತ ಮೊದಲ ಬ್ರಿಟಿಷ್ ಸೈನಿಕ ಎಂದು ಹೇಳುವುದು ಇವನನ್ನೇ.

ಮೊದಲನೆಯವನು, ಕೊನೆಯವನು. ನಡುವೆ ಒಂದಿಷ್ಟು ಹುಲ್ಲು. ಆ ಹುಲ್ಲಿನ ಮೇಲೆ ನಿಂತಿದ್ದೆ. ಬ್ರಿಟನ್ ಒಂದರಲ್ಲೇ ಈ ಎರಡು ತಾರೀಕುಗಳ ನಡುವೆ ಏಳು ಲಕ್ಷಕ್ಕೂ ಜಾಸ್ತಿ ಜನ ಸತ್ತರು.


ಕಾಫಿಹೂವು
ಸೋಮವಾರ, ರಾತ್ರಿ 10:15

ಓದಿ ಕಣ್ಣು ತುಂಬಿತು. ಹೀಗೆ ಎದುರುಬದುರು ಇಡಬೇಕು ಎಂದು ಬೇಕಂತಲೇ ಮಾಡಿದ್ದಾ?


ಹೊಳೆದಂಡೆ
ಸೋಮವಾರ, ರಾತ್ರಿ 10:22

ಇಲ್ಲ ಅಕ್ಕ, ಅದೇ ವಿಚಿತ್ರ. ಮಣ್ಣು ಮಾಡುವಾಗ ಇವನು ಮೊದಲನೆಯವನು, ಇವರು ಕೊನೆಯವರು ಎಂದು ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ಸೇನೆಯ ಪಾಲಿಗೆ ಯುದ್ಧ ಶುರುವಾಗಿದ್ದೂ ಮೋನ್ಸ್‌ನಲ್ಲೇ, ಮುಗಿದಿದ್ದೂ ಮೋನ್ಸ್‌ನಲ್ಲೇ. ಹಾಗಾಗಿ ಇಬ್ಬರೂ ಒಂದೇ ಸ್ಮಶಾನಕ್ಕೆ ಬಂದರು. ಲೆಕ್ಕ ಹಾಕಿ ನೋಡಿದ್ದು ಎಷ್ಟೋ ಕಾಲದ ಮೇಲೆ.


ಹಳೇಕಾಗದ
ಸೋಮವಾರ, ರಾತ್ರಿ 11:05

ಒಂದು ಚಿಕ್ಕ ತಿದ್ದುಪಡಿ, ಬೇಜಾರು ಮಾಡಿಕೊಳ್ಳಬೇಡಿ. ಎಲಿಸನ್ ಬ್ರಿಟನ್‌ನಿಂದ ಹೋದವರಲ್ಲಿ ಕೊನೆಯವರು. ಬ್ರಿಟಿಷ್ ಸಾಮ್ರಾಜ್ಯದ ಇಡೀ ಸೇನೆ ತೆಗೆದುಕೊಂಡರೆ ಕೊನೆಯವನು ಕೆನಡಾದ ಜಾರ್ಜ್ ಲಾರೆನ್ಸ್ ಪ್ರೈಸ್. ವಿಲ್-ಸುರ್-ಹೇನ್ ಎಂಬ ಹಳ್ಳಿಯಲ್ಲಿ 10:58ಕ್ಕೆ ಮರೆಯಿಂದ ಬಂದ ಗುಂಡಿಗೆ ಸತ್ತ. ಇನ್ನು ಎರಡೇ ನಿಮಿಷ ಇತ್ತು. ಅವನ ಗೋರಿಯೂ ನೀವು ಹೋದ ಸ್ಮಶಾನದಲ್ಲೇ ಇದೆ. ಮುಂದಿನ ಸಲ ಹೋದಾಗ ಹುಡುಕಿ.

ಅಮೆರಿಕದ ಹೆನ್ರಿ ಗುಂಥರ್ ಸತ್ತಿದ್ದು 10:59ಕ್ಕೆ. ಫ್ರಾನ್ಸಿನ ಓಗ್ಯುಸ್ತಾಂ ತ್ರೆಬ್ಯೂಶೋಂ ಓಲೆಕಾರ. ಕದನ ನಿಂತ ಮೇಲೆ 11:30ಕ್ಕೆ ಎಲ್ಲರೂ ಊಟಕ್ಕೆ ಸೇರಿ ಎಂಬ ಸಂದೇಶ ಹೊತ್ತು ಓಡುತ್ತಿದ್ದ. ದಾರಿಯಲ್ಲಿ ಗುಂಡು ತಗುಲಿತು. ಆದರೆ ಅವನ ಗೋರಿ ಮೇಲೆ ಇರುವ ತಾರೀಕು 10 ನವೆಂಬರ್. ಕೊನೆಯ ದಿನವೂ ಜನ ಸತ್ತರು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಒಂದು ದಿನ ಹಿಂದೆ ಹಾಕಿದರು ಎಂದು ಹೇಳುವವರಿದ್ದಾರೆ. ಮನೆಯವರಿಗೆ ಅವನು ಸತ್ತ ದಿನವನ್ನೂ ಸರಿಯಾಗಿ ಕೊಡಲಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ.


ಕಾಫಿಹೂವು
ಸೋಮವಾರ, ರಾತ್ರಿ 11:20

ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬೆಳಗಿನ ಜಾವಕ್ಕೇ ಆಗಿತ್ತು ಅಂತ ಓದಿದ ನೆನಪು. ಹಾಗಿದ್ದರೆ 11 ಗಂಟೆವರೆಗೆ ಯಾಕೆ ಹೊಡೆದಾಡಿದರು? ಸಹಿ ಬಿದ್ದ ಕೂಡಲೇ ನಿಲ್ಲಿಸಬಹುದಿತ್ತಲ್ಲ?


ಹಳೇಕಾಗದ
ಮಂಗಳವಾರ, ಬೆಳಿಗ್ಗೆ 7:30

ರಾತ್ರಿ ನಿದ್ದೆ ಎಳೆಯಿತು, ಈಗ ಬರೆಯುತ್ತೇನೆ.

ನವೆಂಬರ್ 8ಕ್ಕೆ ಜರ್ಮನ್ ನಿಯೋಗ ಫ್ರಾನ್ಸಿನ ಕಾಂಪಿಯೇನ್ ಕಾಡಿಗೆ ಬಂತು. ಮುಂದಾಳು ಮಥಿಯಾಸ್ ಎರ್ಟ್ಸ್‌ಬೆರ್ಗರ್. ಮಿತ್ರ ಸೇನೆಗಳ ದಂಡನಾಯಕ ಫೋಶ್, ರೈಲು ಡಬ್ಬಿಯಲ್ಲಿ ಕೂತು ಷರತ್ತುಗಳ ಪಟ್ಟಿ ಕೊಟ್ಟ. ಉತ್ತರ ಹೇಳಲು 72 ಗಂಟೆ. ಮಾತುಕತೆ ಮುಗಿಯುವ ತನಕವಾದರೂ ಗುಂಡು ನಿಲ್ಲಿಸೋಣ ಎಂದು ಜರ್ಮನ್ನರು ಕೇಳಿದರು. ಫೋಶ್ ಒಪ್ಪಲಿಲ್ಲ. 11ರಂದು ಬೆಳಗಿನ ಜಾವ 5 ದಾಟಿದ ಮೇಲೆ ಸಹಿ ಆಯಿತು. ಜಾರಿಗೆ ಬರುವುದು 11 ಗಂಟೆಗೆ.

ಆರು ಗಂಟೆ ಅವಧಿಗೆ ಒಂದು ಕಾರಣ ಇತ್ತು. ಮುಂಚೂಣಿ ನೂರಾರು ಮೈಲಿ ಉದ್ದ. ಮೊದಲು ದೊಡ್ಡ ಠಾಣೆಗೆ ತಂತಿ, ಅಲ್ಲಿಂದ ಫೋನು, ಆಮೇಲೆ ಮೋಟಾರ್ ಸೈಕಲ್, ಕುದುರೆ, ಕೊನೆಗೆ ಕಾಲ್ನಡಿಗೆ. ಸುದ್ದಿ ಎಲ್ಲರಿಗೂ ಮುಟ್ಟದೆ ಒಂದು ಕಡೆ ಮಾತ್ರ ಬಂದೂಕು ಇಳಿಸಿದರೆ ಇನ್ನೂ ಕಷ್ಟ.

ಆದರೆ ಸುದ್ದಿ ಮುಟ್ಟಿದ ಮೇಲೂ ಮುಂದೆ ಹೋಗಿ ಎಂದವರು ಇದ್ದರು. ಜರ್ಮನ್ನರು ಮಾತಿಗೆ ತಪ್ಪಿದರೆ ನಮ್ಮ ಜಾಗ ಗಟ್ಟಿ ಇರಲಿ ಎಂಬ ಲೆಕ್ಕ. ಆ ಒಂದು ದಿನದಲ್ಲಿ ಎಲ್ಲ ಕಡೆಯವರೂ ಸೇರಿ 2,700ಕ್ಕೂ ಜಾಸ್ತಿ ಜನ ಸತ್ತರು ಎಂದು ಅಂದಾಜು.

ಮೋನ್ಸ್ ಬಗ್ಗೆ ಆಮೇಲೆ ಕೋರ್ಟಿನವರೆಗೆ ಜಗಳ ಹೋಯಿತು. ಊರನ್ನು ಕೊನೆಯ ರಾತ್ರಿ ಹಿಡಿದದ್ದು ಕೆನಡಾ ಸೇನೆ, ನಾಯಕ ಆರ್ಥರ್ ಕರಿ. ಬರೀ ಹೆಸರಿಗೋಸ್ಕರ ಹುಡುಗರನ್ನು ಸಾಯಿಸಿದ ಎಂದು 1927ರಲ್ಲಿ ಕೆನಡಾದ ಪೋರ್ಟ್ ಹೋಪ್‌ನ ಒಂದು ಪತ್ರಿಕೆ ಬರೆಯಿತು. ಕರಿ ಮಾನನಷ್ಟದ ದಾವೆ ಹೂಡಿ 50,000 ಡಾಲರ್ ಕೇಳಿದ. ಗೆದ್ದ. ಕೋರ್ಟು ಕೊಡಿಸಿದ್ದು 500 ಡಾಲರ್.


ಮಣ್ಣಿನಮಗ
ಮಂಗಳವಾರ, ಬೆಳಿಗ್ಗೆ 9:10

ಎಲ್ಲ ಓದಿದೆ. ಬರೆದದ್ದು ಚೆನ್ನಾಗಿದೆ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ನಮ್ಮನ್ನು ಆಳಿದವರ ಸಿಪಾಯಿಗೆ ನಾವು ಯಾಕೆ ಮರುಗಬೇಕು? ಅದೇ ಯುದ್ಧದಲ್ಲಿ ಭಾರತದವರು 74,000 ಜನ ಸತ್ತರು. ಅವರ ಹೆಸರು ನಮಗೆ ಎಷ್ಟು ಗೊತ್ತು? ಯುದ್ಧ ಮುಗಿದು ಐದು ತಿಂಗಳಿಗೆ ಜಲಿಯನ್‌ವಾಲಾಬಾಗ್ ಆಯಿತು. ಅದನ್ನು ನೆನೆದರೆ ನನಗೆ ಈ ಬಿಳಿ ಕಲ್ಲುಗಳ ಮೇಲೆ ಕನಿಕರ ಹುಟ್ಟುವುದು ಕಷ್ಟ.


ಕೆಜಿಎಫ್‌ ಮೊಮ್ಮಗ
ಮಂಗಳವಾರ, ಬೆಳಿಗ್ಗೆ 10:45

ಮಣ್ಣಿನಮಗ ಅವರೇ, ನಿಮ್ಮ ಸಿಟ್ಟು ಸುಳ್ಳಲ್ಲ. ನಾನೂ ಬೇರೆ ಥರ ಯೋಚಿಸಿಲ್ಲ, ಎಲಿಸನ್ ಗಣಿ ಕೆಲಸದವರು ಎಂಬ ಸಾಲು ಓದುವ ತನಕ.

ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು. ಗಣಿ ನಡೆಸುತ್ತಿದ್ದದ್ದು ಇಂಗ್ಲಿಷರ ಕಂಪನಿ. ತಾತನಿಗೆ ದೊರೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಗುಂಡಿಯೊಳಗೆ ಇಳಿಯುತ್ತಿದ್ದ ಬಿಳಿಯರ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. ಕಲ್ಲು ಕುಸಿಯುವಾಗ ಬಣ್ಣ ನೋಡಲ್ಲ ಅನ್ನುತ್ತಿದ್ದರು. ಕೊನೆಗೆ ಎದೆಯಲ್ಲಿ ದೂಳು ತುಂಬಿ ಹೋದರು. ರಾತ್ರಿ ಪೂರ್ತಿ ಕೆಮ್ಮು. ನಾನು ಪಕ್ಕದಲ್ಲೇ ಮಲಗುತ್ತಿದ್ದೆ.

ಎಲಿಸನ್ ನಮ್ಮನ್ನು ಆಳಿದವರಲ್ಲ. ಯುದ್ಧ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಲಿಲ್ಲ. ಗಣಿಯಿಂದ ಮೇಲೆ ಬಂದು ಕಂದಕಕ್ಕೆ ಇಳಿದರು, ಅಷ್ಟೇ. ನಾನು ಮರುಗುವುದು ಆ ಮನುಷ್ಯನಿಗೆ. ಇದರಿಂದ ನಮ್ಮ 74,000 ಜನರ ಪಾಲು ಕಮ್ಮಿ ಆಗುತ್ತೆ ಎಂದು ನನಗೆ ಅನಿಸುವುದಿಲ್ಲ.


ಹಳೇಕಾಗದ
ಮಂಗಳವಾರ, ಮಧ್ಯಾಹ್ನ 1:00

ನಮ್ಮವರ ಹೆಸರು ಗೊತ್ತಿರಬೇಕು ಎಂಬ ಮಾತಿಗೆ ನನ್ನದು ಪೂರ್ತಿ ಬೆಂಬಲ. ಭಾರತದ ದಂಡು ಮಾರ್ಸೇಲ್ ಬಂದರಿಗೆ ಇಳಿದದ್ದು 1914ರ ಸೆಪ್ಟೆಂಬರ್ 26ಕ್ಕೆ. ಮೈ ಮೇಲೆ ಬಿಸಿಲು ನಾಡಿನ ತೆಳು ಬಟ್ಟೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಈಪ್ರ್ ಹತ್ತಿರ ಕಂದಕದಲ್ಲಿದ್ದರು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಇವರಿಗಾಗಿಯೇ ಕಟ್ಟಿದ ಸ್ಮಾರಕ ಇದೆ. ಗೋರಿ ಸಿಗದೆ ಹೋದ 4,700ಕ್ಕೂ ಹೆಚ್ಚು ಜನರ ಹೆಸರು ಅಲ್ಲಿ ಕೆತ್ತಿದ್ದಾರೆ.

ನಮ್ಮದೇ ನಾಡಿನ ಮಾತು ಬಂದರೆ, ಎಲಿಸನ್ ಸಾಯುವ ಏಳು ವಾರ ಮೊದಲು, 1918ರ ಸೆಪ್ಟೆಂಬರ್ 23ಕ್ಕೆ, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸೇರಿ ಹೈಫಾ ಪಟ್ಟಣ ಹಿಡಿದರು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಎಲಿಸನ್ ಅವರೂ ಲ್ಯಾನ್ಸರ್, ಇವರೂ ಲ್ಯಾನ್ಸರ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ದಿನಾ ಆ ದಾರಿಯಲ್ಲಿ ಎಷ್ಟು ಬಸ್ಸು ಹೋಗುತ್ತವೆ. ಒಮ್ಮೆ ಇಳಿದು ಹೆಸರು ಓದಿ ಬನ್ನಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.


ಮಣ್ಣಿನಮಗ
ಮಂಗಳವಾರ, ಮಧ್ಯಾಹ್ನ 1:25

ಜೆ.ಸಿ. ನಗರಕ್ಕೆ ನಾನು ಹೋಗಿಲ್ಲ, ಒಪ್ಪಿಕೊಳ್ಳುತ್ತೇನೆ. ಈ ಭಾನುವಾರ ಹೋಗುತ್ತೇನೆ. ಕೆಜಿಎಫ್‌ನವರೇ, ನಿಮ್ಮ ತಾತನ ಮಾತು ನಾಟಿತು. ಆ ಹುಡುಗ ಪಾರ್ ಬಗ್ಗೆ ಜಾಸ್ತಿ ಹೇಳಿ.


ಹೊಳೆದಂಡೆ
ಮಂಗಳವಾರ, ರಾತ್ರಿ 10:30

ಪಾರ್ ಬಗ್ಗೆ ಬರೆಯಲು ಧೈರ್ಯ ಬೇಕಿತ್ತು. ಆಫೀಸಿನಲ್ಲಿ ಇವತ್ತು ಪೂರ್ತಿ ಇದೇ ಯೋಚನೆ.

ಉತ್ತರ ಲಂಡನ್ನಿನ ಫಿಂಚ್ಲಿಯವನು. ಲಾಡ್ಜ್ ಲೇನ್ ಎಂಬ ಬೀದಿಯಲ್ಲಿ ಮನೆ. ಅಪ್ಪ ಹಾಲು ಮಾರುತ್ತಿದ್ದ. ತುಂಬು ಸಂಸಾರ. ಅಮ್ಮ ಆಲಿಸ್ ಹೆತ್ತ ಮಕ್ಕಳಲ್ಲಿ ಎಷ್ಟೋ ಕೂಸುಗಳು ಚಿಕ್ಕಂದಿನಲ್ಲೇ ಹೋಗಿಬಿಟ್ಟಿದ್ದವು. ಎಲ್ಲರಿಗಿಂತ ಕಿರಿಯವನು ಈ ಜಾನ್. ಶಾಲೆ ಬಿಟ್ಟ ಮೇಲೆ ಮಾಂಸದ ಅಂಗಡಿಯಲ್ಲಿ ಕೆಲಸ. ಆಮೇಲೆ ಗಾಲ್ಫ್ ಮೈದಾನದಲ್ಲಿ ಸಾಹುಕಾರರ ಚೀಲ ಹೊರುವ ಕೆಲಸ.

1912ರಲ್ಲಿ ಸೇನೆಗೆ ಸೇರಿದ. ಮೀಸೆ ಕೂಡ ಮೂಡದ ಹುಡುಗ. ಸೇರಲು 18 ಆಗಿರಬೇಕು. ಆಗಿದೆ ಎಂದು ಸುಳ್ಳು ಹೇಳಿದ. ಎತ್ತರ 5 ಅಡಿ 3 ಇಂಚು. ಹೊಟ್ಟೆ ತುಂಬಾ ಊಟ, ಊರು ನೋಡುವ ಆಸೆ. ಇದ್ದದ್ದು ಅಷ್ಟೇ ಅಲ್ವಾ ಆ ವಯಸ್ಸಿಗೆ. ಅವನ ಸೇನೆ ಮಿಡಲ್‌ಸೆಕ್ಸ್ ರೆಜಿಮೆಂಟಿನ 4ನೇ ಬೆಟಾಲಿಯನ್. ಸೈಕಲ್ ತುಳಿಯುವ ಬೇಹಿನವನಾದ. ದಂಡಿಗಿಂತ ಮುಂದೆ ಹೋಗಿ, ಶತ್ರು ಎಲ್ಲಿದ್ದಾನೆ ನೋಡಿ, ಬೇಗ ತಿರುಗಿ ಬಂದು ಹೇಳಬೇಕು.

ಬ್ರಿಟನ್ ಯುದ್ಧ ಸಾರಿದ್ದು 1914ರ ಆಗಸ್ಟ್ 4ಕ್ಕೆ. ಆಗಸ್ಟ್ 21ರಂದು ಪಾರ್ ಮತ್ತು ಅವನ ಜೊತೆಗಾರನನ್ನು ಮೋನ್ಸ್‌ನ ಈಶಾನ್ಯಕ್ಕಿರುವ ಓಬೂರ್ ಹಳ್ಳಿ ಕಡೆ ಕಳಿಸಿದರು. ಜರ್ಮನ್ ಕುದುರೆ ಸವಾರರು ಎದುರಾದರು ಎಂದು ನಂಬಿಕೆ. ನೀನು ಹೋಗಿ ಸುದ್ದಿ ಮುಟ್ಟಿಸು ಎಂದು ಜೊತೆಗಾರನನ್ನು ಕಳಿಸಿ, ಪಾರ್ ಅಲ್ಲೇ ನಿಂತು ಗುಂಡು ಹಾರಿಸಿದ. ತಿರುಗಿ ಬರಲಿಲ್ಲ. ಆಗ ಅವನಿಗೆ 17.

ಎರಡು ದಿನಕ್ಕೆ ಮೋನ್ಸ್‌ನಲ್ಲಿ ದೊಡ್ಡ ಕಾಳಗ. ಬ್ರಿಟಿಷ್ ಸೇನೆ ಹಿಂದೆ ಸರಿಯಿತು. ಹುಡುಗನ ದೇಹ ಜರ್ಮನ್ನರ ಕಡೆ ಉಳಿದುಹೋಯಿತು.

ಇತ್ತ ಲಾಡ್ಜ್ ಲೇನಿನಲ್ಲಿ ಅಮ್ಮ ಕಾಗದಕ್ಕೆ ಕಾದರು. ಬರಲಿಲ್ಲ. ನನ್ನ ಮಗ ಎಲ್ಲಿದ್ದಾನೆ ಎಂದು ರೆಜಿಮೆಂಟಿಗೇ ಬರೆದರು. ಅವರಿಗೂ ಗೊತ್ತಿರಲಿಲ್ಲ. ಸೆರೆ ಸಿಕ್ಕಿದ್ದಾನೋ, ಆಸ್ಪತ್ರೆಯಲ್ಲಿದ್ದಾನೋ, ಯಾರು ಹೇಳಬೇಕು?

ಅವನ ಕಲ್ಲಿನ ಮೇಲೆ ವಯಸ್ಸು 20 ಎಂದಿದೆ. ಅವನು ಸೇರುವಾಗ ಹೇಳಿದ ಸುಳ್ಳೇ ಹಾಗೆ ಕಲ್ಲಿನಲ್ಲಿ ನಿಂತಿದೆ. ನನಗೆ 17ರ ತಮ್ಮ ಇದ್ದಾನೆ. ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದಾನೆ. ಆ ಕಲ್ಲಿನ ಮುಂದೆ ಅವನಿಗೆ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಊಟ ಆಯ್ತಾ ಎಂದು ಕೇಳಿ ಇಟ್ಟೆ.


ಕಾಫಿಹೂವು
ಮಂಗಳವಾರ, ರಾತ್ರಿ 11:10

ಆ ತಾಯಿಯ ಕಾಗದದ ವಿಷಯ ಓದಿದ ಮೇಲೆ ನನ್ನದೂ ಒಂದು ಹೇಳುತ್ತೇನೆ.

ನಮ್ಮದು ಕೊಡಗು. ಮನೆಗೊಬ್ಬರು ಸೇನೆಯಲ್ಲಿ ಇದ್ದೇ ಇರುತ್ತಾರೆ. ನನ್ನ ಅಣ್ಣ 1999ರಲ್ಲಿ ಗಡಿಯಲ್ಲಿದ್ದ. ಕಾರ್ಗಿಲ್ ಸಮಯ. 19 ದಿನ ಅವನಿಂದ ಸುದ್ದಿ ಇಲ್ಲ. ಟಿ.ವಿ. ಹಾಕಿದರೆ ದಿನಾ ಹೆಸರುಗಳು. ಅವ್ವ ಟಿ.ವಿ. ಮುಂದೆ ಕೂರುತ್ತಿರಲಿಲ್ಲ, ಹಿತ್ತಲಲ್ಲಿ ಇರುತ್ತಿದ್ದರು. ನಾವು ಸುಮ್ನೆ ಇದ್ದರೆ ಒಳ್ಳೆಯದು, ಕರೆದರೆ ಕೆಟ್ಟದು ಎಂದು ಅವರೇ ಲೆಕ್ಕ ಹಾಕಿಕೊಂಡಿದ್ದರು. ಹಾಗಾಗಿ ನಾವು ಕಾಫಿಗೆ ಕೂಡ ಅವರನ್ನು ಕೂಗುತ್ತಿರಲಿಲ್ಲ. ಲೋಟ ಹಿಡಿದು ಹಿತ್ತಲಿಗೇ ಹೋಗುತ್ತಿದ್ದೆವು.

20ನೇ ದಿನ ಫೋನ್ ಬಂತು. ನಮ್ಮ ಅಣ್ಣ ಚೆನ್ನಾಗಿದ್ದಾನೆ, ಈಗ ರಿಟೈರ್ ಆಗಿ ತೋಟ ನೋಡಿಕೊಳ್ಳುತ್ತಾನೆ. 19 ದಿನಕ್ಕೇ ಅವ್ವನ ಕೂದಲು ಬೆಳ್ಳಗಾಗಿತ್ತು. ಆಲಿಸ್ ಅವರು ವರ್ಷಗಟ್ಟಲೆ ಕಾದರು ಎಂದರೆ ನನಗೆ ಊಹಿಸಲೂ ಆಗುತ್ತಿಲ್ಲ.


ಇಳಿಸಂಜೆ
ಬುಧವಾರ, ಬೆಳಿಗ್ಗೆ 8:00

ಬಹಳ ದಿನದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಪಾರ್‌ನನ್ನು ಕೊಂದದ್ದು ಅವನ ಕಡೆಯವರದೇ ಗುಂಡು ಎಂದು ಎಲ್ಲೋ ಓದಿದ್ದೆ. ನಿಜವೇ?


ಹಳೇಕಾಗದ
ಬುಧವಾರ, ಬೆಳಿಗ್ಗೆ 8:40

ಹಾಗೆ ವಾದಿಸುವವರೂ ಇದ್ದಾರೆ. 21ರಂದು ಜರ್ಮನ್ ದಂಡು ಅಷ್ಟು ಹತ್ತಿರ ಬಂದಿತ್ತೇ ಎಂಬುದು ಅವರ ಸಂಶಯ. ಆ ಕಡೆ ಬೆಲ್ಜಿಯಂ, ಈ ಕಡೆ ಬ್ರಿಟನ್, ಎಲ್ಲರೂ ಹೊಸಬರು, ಗಾಬರಿಯಲ್ಲಿದ್ದವರು. ಗುರುತು ಸಿಗದೆ ಹೊಡೆದಿರಬಹುದು ಅನ್ನುತ್ತಾರೆ. 23ರ ಕಾಳಗದಲ್ಲೇ ಸತ್ತಿರಬಹುದು ಎನ್ನುವವರೂ ಇದ್ದಾರೆ. ಕಣ್ಣಾರೆ ಕಂಡವರ ಮಾತು ಉಳಿದಿಲ್ಲ. ನನ್ನ ಮಟ್ಟಿಗೆ, ಯಾರ ಗುಂಡು ಎಂಬುದಕ್ಕಿಂತ ಒಂದು ದೇಹದ ಸುದ್ದಿ ಮನೆ ಮುಟ್ಟಲಿಲ್ಲ ಎಂಬುದು ದೊಡ್ಡದು.

ಮುಟ್ಟದೆ ಇರಲು ಒಂದು ಸಣ್ಣ ವಸ್ತುವೂ ಕಾರಣ. 1914ರಲ್ಲಿ ಬ್ರಿಟಿಷ್ ಸಿಪಾಯಿಯ ಕೊರಳಲ್ಲಿ ಒಂದೇ ಒಂದು ಗುರುತಿನ ಬಿಲ್ಲೆ ಇರುತ್ತಿತ್ತು. ಸತ್ತರೆ ಅದನ್ನು ಲೆಕ್ಕಕ್ಕೆಂದು ಬಿಚ್ಚಿಕೊಂಡು ಹೋಗುತ್ತಿದ್ದರು. ಆಮೇಲೆ ಆ ದೇಹ ಯಾರದು ಎಂದು ಹೇಳುವುದು ಹೇಗೆ? ಇದು ಗೊತ್ತಾಗಿ 1916ರಲ್ಲಿ ಎರಡು ಬಿಲ್ಲೆ ಕೊಟ್ಟರು. ಕೆಂಪು ದುಂಡನೆಯದು ಲೆಕ್ಕಕ್ಕೆ. ಹಸಿರು ಎಂಟು ಮೂಲೆಯದು ದೇಹದ ಜೊತೆ ಮಣ್ಣಿಗೆ. ಎರಡೂ ಒತ್ತಿ ಮಾಡಿದ ನಾರಿನ ಬಿಲ್ಲೆ, ದಾರದಲ್ಲಿ ಕಟ್ಟುವಂಥದ್ದು. ಅಷ್ಟೊತ್ತಿಗೆ ಎರಡು ವರ್ಷದ ಸತ್ತವರಲ್ಲಿ ಎಷ್ಟೋ ಜನ ಹೆಸರಿಲ್ಲದೆ ಮಣ್ಣಾಗಿದ್ದರು.

ಸಾವಿನ ಸುದ್ದಿ ಬರುವುದರಲ್ಲೂ ಮೇಲು ಕೀಳು ಇತ್ತು. ಅಧಿಕಾರಿ ಸತ್ತರೆ ಮನೆಗೆ ಟೆಲಿಗ್ರಾಂ. ಸಾಮಾನ್ಯ ಸಿಪಾಯಿ ಸತ್ತರೆ ಅಂಚೆಯಲ್ಲಿ ಅಚ್ಚು ಹಾಕಿದ ಫಾರಂ. ಹೆಸರು, ನಂಬರು, ತಾರೀಕು ಮಾತ್ರ ಕೈಯಲ್ಲಿ ತುಂಬಿ ಕಳಿಸುತ್ತಿದ್ದರು. ಹ್ಯಾನಾ ಎಲಿಸನ್ ಥರದ ಹೆಂಗಸರಿಗೆ ಬರುತ್ತಿದ್ದದ್ದು ಈ ಫಾರಮ್ಮೇ. ಹೊರಗೆ ಊರೆಲ್ಲ ಚರ್ಚಿನ ಗಂಟೆ ಬಾರಿಸಿ ಕುಣಿದಿತ್ತು. ಎಲ್ಲರ ಮನೆ ಗಂಡಸರೂ ಬರುತ್ತಾರೆ ಎಂಬ ಖುಷಿ. ಈ ಮನೆಗೆ ಫಾರಂ ಬಂತು.


ಕೆಜಿಎಫ್‌ ಮೊಮ್ಮಗ
ಬುಧವಾರ, ಸಂಜೆ 6:20

ಗಂಡನ ದೇಹ ತರಿಸಿಕೊಳ್ಳಲು ಅವಕಾಶ ಇತ್ತಾ?


ಹೊಳೆದಂಡೆ
ಬುಧವಾರ, ರಾತ್ರಿ 9:15

ಇರಲಿಲ್ಲ. 1915ರಲ್ಲೇ ನಿಲ್ಲಿಸಿದರು. ಮೊದಮೊದಲು ದುಡ್ಡಿದ್ದವರು ಮಕ್ಕಳ ದೇಹ ಊರಿಗೆ ತರಿಸಿಕೊಂಡಿದ್ದರು. ಬಡವರಿಗೆ ಆ ದಾರಿ ಇಲ್ಲ. ಆಮೇಲೆ ಎಲ್ಲರಿಗೂ ಒಂದೇ ನಿಯಮ: ಬಿದ್ದ ಕಡೆಯೇ ಮಣ್ಣು. 1917ರ ಮೇ ತಿಂಗಳಲ್ಲಿ ಈ ಗೋರಿಗಳನ್ನು ನೋಡಿಕೊಳ್ಳಲು ಒಂದು ಆಯೋಗ ಆಯಿತು. ಹಿಂದೆ ನಿಂತು ದುಡಿದವನು ಫೇಬಿಯನ್ ವೇರ್. ದಂಡನಾಯಕನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಸುಮಾರು 81 ಸೆಂಟಿಮೀಟರ್ ಎತ್ತರ. ನನಗೆ ಇದು ತುಂಬಾ ಹಿಡಿಸಿತು. ಬದುಕಿದ್ದಾಗ ಇಲ್ಲದ ಸಮಾನತೆ ಸತ್ತ ಮೇಲಾದರೂ ಸಿಕ್ಕಿತಲ್ಲ.

ಕಲ್ಲಿನ ಬುಡದಲ್ಲಿ ಮನೆಯವರು ತಮ್ಮ ಮಾತು ಕೆತ್ತಿಸಬಹುದಿತ್ತು. 66 ಅಕ್ಷರದ ಒಳಗೆ. ಆದರೆ ಒಂದೊಂದು ಅಕ್ಷರಕ್ಕೆ ಮೂರೂವರೆ ಪೆನ್ನಿ ಕೇಳುತ್ತಿದ್ದರು. ಎಷ್ಟೋ ತಾಯಂದಿರು ಅಕ್ಷರ ಎಣಿಸಿ, ಕಡಿಮೆ ಮಾಡಿ, ಮತ್ತೆ ಎಣಿಸಿರಬೇಕು. ಎಷ್ಟೋ ಕಲ್ಲುಗಳ ಬುಡ ಖಾಲಿ ಇದೆ.

ಆ ಸ್ಮಶಾನದ ಬಗ್ಗೆ ಇನ್ನೊಂದು ಹೇಳಲೇಬೇಕು. ಅದನ್ನು ಶುರು ಮಾಡಿದ್ದು ಜರ್ಮನ್ನರು, 1914ರ ಮೋನ್ಸ್ ಕಾಳಗ ಮುಗಿದ ಮೇಲೆ. ಜಾಗ ಕೊಟ್ಟವನು ಝಾನ್ ಹೂಝೋ ದ ಲೆಹೇ ಎಂಬ ಊರಿನ ಮನುಷ್ಯ. ಅವನದು ಒಂದೇ ಷರತ್ತು: ಎರಡೂ ಕಡೆಯವರನ್ನು ಸಮನಾಗಿ ಗೌರವಿಸಬೇಕು. ಜರ್ಮನ್ನರು ಹಾಗೇ ಮಾಡಿದರು. ನಡುವೆ ದಿಬ್ಬದ ಮೇಲೆ ಕಲ್ಲಿನ ಕಂಬ ನಿಲ್ಲಿಸಿದರು, ಎರಡು ಸೇನೆಯ ಸತ್ತವರಿಗೂ ಸೇರಿ. ಪಾರ್‌ನ ಮಿಡಲ್‌ಸೆಕ್ಸ್ ದಂಡಿಗೆ ಬೇರೆ ಸ್ಮಾರಕವನ್ನೂ ಕಟ್ಟಿದರು. ಅದರ ಮೇಲೆ ಅದನ್ನು 'ರಾಯಲ್' ರೆಜಿಮೆಂಟ್ ಎಂದು ಕೆತ್ತಿದ್ದಾರೆ. ಅದು ರಾಯಲ್ ಆಗಿರಲಿಲ್ಲ. ಎದುರಾಳಿಗೆ ಇಲ್ಲದ ಗೌರವವನ್ನೂ ಸೇರಿಸಿ ಕೊಟ್ಟಂತಾಯಿತು.

ಈಗ ಅಲ್ಲಿ 500ಕ್ಕೂ ಜಾಸ್ತಿ ಗೋರಿ ಇವೆ. ಅರ್ಧಕ್ಕಿಂತ ಹೆಚ್ಚು ಜರ್ಮನ್ನರದೇ. ಸಾಲು ಸಾಲು ಅಲ್ಲ, ಮರಗಳ ನಡುವೆ ಗುಂಪು ಗುಂಪಾಗಿ. ಒಂದು ಕಡೆ ತಿರುಗಿದರೆ ಬಿಳಿ ಕಲ್ಲು, ಇನ್ನೊಂದು ಕಡೆ ಬೂದು ಕಲ್ಲು. ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಹೋದಾಗ ಇಡೀ ಸ್ಮಶಾನದಲ್ಲಿ ತೋಟದ ಕೆಲಸದವನೊಬ್ಬ ಇದ್ದ. ಕತ್ತರಿ ಹಿಡಿದು ಪ್ರತಿ ಕಲ್ಲಿನ ಬುಡದ ಹುಲ್ಲು ಒಪ್ಪ ಮಾಡುತ್ತಿದ್ದ. ಜರ್ಮನ್ ಕಲ್ಲಿಗೂ ಅದೇ ನಿಧಾನ, ಬ್ರಿಟಿಷ್ ಕಲ್ಲಿಗೂ ಅದೇ ನಿಧಾನ.


ಇಳಿಸಂಜೆ
ಗುರುವಾರ, ಬೆಳಿಗ್ಗೆ 7:50

ಹೊಳೆದಂಡೆ ಅವರೇ, ನೀವು ಹೇಳಿದ ಖಾಲಿ ಕಲ್ಲುಗಳು ರಾತ್ರಿ ಪೂರ್ತಿ ಕಣ್ಣ ಮುಂದೆ ಇದ್ದವು. ನಮ್ಮಲ್ಲಿ ಆಗಿದ್ದರೆ ತಿಥಿ ಯಾವತ್ತು ಮಾಡುವುದು ಎಂದೇ ಪಾರ್‌ನ ತಾಯಿಗೆ ಗೊತ್ತಾಗುತ್ತಿರಲಿಲ್ಲ. ದೇಹವೂ ಇಲ್ಲ, ದಿನವೂ ಇಲ್ಲ. ನಮ್ಮ ಸೋದರತ್ತೆಯ ಮಗ ಹಡಗಿನ ಕೆಲಸಕ್ಕೆ ಹೋಗಿ ತಿರುಗಿ ಬರಲಿಲ್ಲ. ಅತ್ತೆ ಕೊನೆಯವರೆಗೂ ಎಡೆ ಇಡಲು ಒಪ್ಪಲಿಲ್ಲ. ಇಟ್ಟರೆ ಸತ್ತ ಹಾಗೆ ಆಗುತ್ತೆ ಎಂದರು. ಪ್ರತಿ ಯುಗಾದಿಗೂ ಅವನ ಪಾಲಿನ ಹೋಳಿಗೆ ತೆಗೆದಿಡುತ್ತಿದ್ದರು.


ಮಣ್ಣಿನಮಗ
ಭಾನುವಾರ, ಮಧ್ಯಾಹ್ನ 12:30

ಹೇಳಿದ ಹಾಗೆ ಜೆ.ಸಿ. ನಗರಕ್ಕೆ ಹೋಗಿ ಬಂದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಹೆಸರುಗಳನ್ನು ಜೋರಾಗಿ ಓದಿಸಿದೆ. ಇವರೆಲ್ಲ ಎಲ್ಲಿ ಸತ್ತರು ಅಪ್ಪ ಎಂದು ಕೇಳಿದಳು. ಸಮುದ್ರದಾಚೆ ಎಂದೆ. ಅವರ ಮನೆಯವರಿಗೆ ಹೇಳಿದರಾ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಲಂಡನ್ ತಾಯಿ ಬರೆದ ಕಾಗದ ನೆನಪಾಯಿತು.

ಸೋಮವಾರ ಇಲ್ಲಿ ನಾನು ಕೇಳಿದ ಪ್ರಶ್ನೆ ಒರಟಾಗಿತ್ತು. ಕೇಳಿದ್ದಕ್ಕೆ ಬೇಜಾರಿಲ್ಲ, ಕೇಳಿದ ರೀತಿಗೆ ಇದೆ.


ಹಳೇಕಾಗದ
ಭಾನುವಾರ, ಮಧ್ಯಾಹ್ನ 2:10

ನೀವು ಕೇಳಿದ್ದು ಮಂಗಳವಾರ, ಅದೂ ಸರಿಯಾಗಿಯೇ ಕೇಳಿದಿರಿ. ಆ ಪ್ರಶ್ನೆ ಇಲ್ಲದಿದ್ದರೆ ಈ ಎಳೆಯಲ್ಲಿ ಹೈಫಾ ಬರುತ್ತಲೇ ಇರಲಿಲ್ಲ. ಮಗಳಿಗೆ ನನ್ನ ಪ್ರೀತಿ ತಿಳಿಸಿ.


ಕಾಫಿಹೂವು
ಭಾನುವಾರ, ಸಂಜೆ 7:00

ಹೊಳೆದಂಡೆ, ನನ್ನದೊಂದು ಕೋರಿಕೆ. ನವೆಂಬರ್ 11 ಬರುತ್ತಿದೆ. ಅವತ್ತು 11 ಗಂಟೆಗೆ ಎಲ್ಲರೂ ಎರಡು ನಿಮಿಷ ಮೌನ ನಿಲ್ಲುತ್ತಾರಂತೆ. ಆದರೆ ಎಲಿಸನ್ ಅವರಿಗೆ 11 ಗಂಟೆ ಆಗಲೇ ಇಲ್ಲವಲ್ಲ. ಸಾಧ್ಯವಾದರೆ 9:30ಕ್ಕೆ ಅಲ್ಲಿ ಇರುತ್ತೀಯಾ? ಆ ಹುಡುಗನ ಗೋರಿಗೂ ಆಲಿಸ್ ಅವರ ಹೆಸರಿನಲ್ಲಿ ಒಂದು ಹೂವು ಇಡು. ನಮ್ಮ ಅವ್ವ ಹೇಳಿದರು ಎಂದುಕೋ. ಅವರಿಗೆ ಇದನ್ನೆಲ್ಲ ಓದಿ ಹೇಳಿದೆ.


ಹೊಳೆದಂಡೆ
ಭಾನುವಾರ, ರಾತ್ರಿ 8:35

ಇರುತ್ತೇನೆ ಅಕ್ಕ. ಅವತ್ತು ಬೆಲ್ಜಿಯಂನಲ್ಲಿ ರಜೆ. 9ರ ಒಳಗೆ ಮೋನ್ಸ್ ಮುಟ್ಟುವ ರೈಲು ಆಗಲೇ ನೋಡಿಟ್ಟೆ. ಇಲ್ಲಿ 9:30 ಅಂದರೆ ಅಲ್ಲಿ ಮಧ್ಯಾಹ್ನ 2. ಅವ್ವನಿಗೆ ಎಚ್ಚರ ಇದ್ದರೆ ಫೋನ್ ಹತ್ತಿರ ಕೂರಿಸಿ. ಎರಡೂ ಗೋರಿ ತೋರಿಸುತ್ತೇನೆ.